ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಾಗ

ನಾನು ಬೆಂಗಳೂರಿನಲ್ಲಿ ದಂಪತಿಗಳ ಆಪ್ತಸಮಾಲೋಚಕಿ. ನನ್ನ ಹತ್ತಿರ ಬರುವ ಬಹಳಷ್ಟು ಜೋಡಿಗಳಿಗೆ ಮೊದಲ ದಿನ ಬೇಕಿರುವುದು ತೀರ್ಪು. "ನೀವೇ ಹೇಳಿ ಮೇಡಂ, ಇದರಲ್ಲಿ ನನ್ನ ತಪ್ಪೇನಿದೆ?" ಅಂತ ಒಬ್ಬರು, "ಇವರಿಗೆ ಸ್ವಲ್ಪ ಬುದ್ಧಿ ಹೇಳಿ" ಅಂತ ಇನ್ನೊಬ್ಬರು. ಅಷ್ಟೊತ್ತಿಗೆ ಹಿರಿಯರ ಪಂಚಾಯ್ತಿ ಆಗಿರುತ್ತದೆ, "ಹೊಂದಿಕೊಂಡು ಹೋಗಿ" ಅನ್ನುವುದನ್ನು ಕೇಳಿ ಕೇಳಿ ಇಬ್ಬರಿಗೂ ಸಾಕಾಗಿರುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ನಾನು ಯಾರ ಪರವೂ ಇಲ್ಲ, ನಿಮ್ಮ ಜಗಳ ಹೇಗೆ ಶುರುವಾಗಿ ಹೇಗೆ ಬೆಳೆಯುತ್ತದೆ ಅಂತ ಮೂವರೂ ಸೇರಿ ನೋಡೋಣ.

ಮೊದಲು ಒಟ್ಟಿಗೆ, ಆಮೇಲೆ ಒಬ್ಬೊಬ್ಬರೇ, ನಂತರ ಮತ್ತೆ ಒಟ್ಟಿಗೆ. ಒಬ್ಬೊಬ್ಬರನ್ನೇ ಕರೆಯುವುದಕ್ಕೆ ಕಾರಣವಿದೆ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಗಂಡನ ಎದುರಿಗೆ ಆಕೆ ಬಾಯಿ ಬಿಡುವುದಿಲ್ಲ. ಅಂಥದ್ದು ಗೊತ್ತಾದರೆ ಇಬ್ಬರನ್ನೂ ಜೊತೆಗೆ ಕೂರಿಸುವುದನ್ನು ನಿಲ್ಲಿಸುತ್ತೇನೆ, ಇಲ್ಲಿ ಆಡಿದ ಮಾತಿಗೆ ಮನೆಗೆ ಹೋದ ಮೇಲೆ ಆಕೆ ಏಟು ತಿನ್ನಬಾರದು. 181 ಮಹಿಳಾ ಸಹಾಯವಾಣಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಅದರಡಿ ಇರುವ ಸಂರಕ್ಷಣಾಧಿಕಾರಿ, ಆಗ ಇವುಗಳ ಮಾತೇ ಮೊದಲು.

ಉಳಿದ ಜೋಡಿಗಳಲ್ಲಿ ಜಾಸ್ತಿ ಕಾಣುವುದು ಒಂದೇ ಸುತ್ತು. ಆಕೆ ಕೇಳುತ್ತಾಳೆ, ಆತ ಸುಮ್ಮನಾಗುತ್ತಾನೆ. ಸುಮ್ಮನಾದಷ್ಟೂ ಆಕೆಯ ದನಿ ಏರುತ್ತದೆ, ದನಿ ಏರಿದಷ್ಟೂ ಆತ ಫೋನಿನೊಳಗೆ ಮುಖ ಹುದುಗಿಸುತ್ತಾನೆ. (ಕೆಲವು ಮನೆಗಳಲ್ಲಿ ಇದು ಅದಲುಬದಲು.) 1980ರ ದಶಕದಲ್ಲಿ ಕೆನಡಾದಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಚಿಕಿತ್ಸೆ ಈ ಸುತ್ತನ್ನೇ ಹಿಡಿದು ನಡೆಯುತ್ತದೆ, ಸಿಟ್ಟಿನ ಕೆಳಗಿರುವ ಭಯವನ್ನು ಹುಡುಕುತ್ತದೆ. ನಾನು ನೆಚ್ಚಿಕೊಂಡಿರುವುದೂ ಅದನ್ನೇ.

ಹಲವರ ಕಥೆ ಸೇರಿಸಿ ಒಂದು ಉದಾಹರಣೆ ಹೇಳುತ್ತೇನೆ, ಗುಟ್ಟು ಕಾಪಾಡಬೇಕಲ್ವಾ. ರಾತ್ರಿ ಪಾಳಿಯ ಗಂಡ, ಮನೆಯಲ್ಲಿ ಅತ್ತೆಯ ಜೊತೆ ಹೆಂಡತಿ. "ಫೋನ್ ಎತ್ತಲ್ಲ" ಅನ್ನುವುದೇ ದಿನದ ಜಗಳ. ನನಗೆ ದೂರು ಹೇಳುತ್ತಿದ್ದವಳನ್ನು ತಡೆದು, ಫೋನ್ ಎತ್ತದಿದ್ದಾಗ ನಿಮಗೆ ಏನನ್ನಿಸುತ್ತದೋ ಅದನ್ನು ಅವರ ಕಡೆಗೇ ತಿರುಗಿ ಹೇಳಿ ಅಂದೆ. ತುಂಬಾ ಹೊತ್ತಾದ ಮೇಲೆ "ನಾನು ನಿಮಗೆ ಬೇಡವಾದೆನೇನೋ ಅನ್ಸುತ್ತೆ ರೀ" ಅಂದಳು. ಆತ "ಏನು ಮಾತಾಡಿದ್ರೂ ತಪ್ಪಾಗುತ್ತೆ ಅಂತ ಸುಮ್ನಿರ್ತೀನಿ, ಬೇಡ ಅಂತಲ್ಲ" ಅಂದ. ಮದುವೆಯಾಗಿ ವರ್ಷಗಳಾದರೂ ಈ ಎರಡು ಮಾತು ಅವರ ನಡುವೆ ಬಂದಿರಲಿಲ್ಲ. ಅಲ್ಲಿಗೆ ಎಲ್ಲ ಸರಿಹೋಗುವುದಿಲ್ಲ, ತಿಂಗಳುಗಟ್ಟಲೆ ಇದನ್ನೇ ಮತ್ತೆ ಮತ್ತೆ ಮಾಡಬೇಕು.

ಮನೆಯಲ್ಲಿ ಮಾಡಲು ಒಂದು ಕೆಲಸ ಕೊಡುತ್ತೇನೆ. ಜಗಳದಲ್ಲಿ ಎದೆ ಡವಡವ ಅನ್ನತೊಡಗಿದರೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ. ಆಗ ಕನಿಷ್ಠ 20 ನಿಮಿಷ ಬಿಡುವು ತೆಗೆದುಕೊಳ್ಳಿ ಅನ್ನುತ್ತಾರೆ ದಾಂಪತ್ಯದ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್. ಇದಕ್ಕೆ ನಾನೊಂದು ಷರತ್ತು ಹಾಕುತ್ತೇನೆ: ಎದ್ದು ಹೋಗುವವರು ಎಷ್ಟು ಹೊತ್ತಿಗೆ ವಾಪಸ್ ಬರುತ್ತೇನೆ ಅಂತ ಹೇಳಿಯೇ ಹೋಗಬೇಕು. ಹೇಳದೆ ಹೋದರೆ ಕೂತವರಿಗೆ ಅದು ಬಿಟ್ಟುಹೋದ ಹಾಗೆಯೇ.

ಒಬ್ಬರಿಗೆ ಖಿನ್ನತೆ ಇದ್ದರೆ ಜೋಡಿ ಮಾತುಕತೆಯೊಂದೇ ಸಾಲದು, ಮನೋವೈದ್ಯರನ್ನೂ ಕಾಣಲು ಹೇಳುತ್ತೇನೆ. ದೂರದ ಊರಿನವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಕೆಲವರು ಬೇರೆಯಾಗುವ ತೀರ್ಮಾನಕ್ಕೇ ಬರುತ್ತಾರೆ. ಆಗಲೂ ಕೆಲಸ ಮುಗಿಯುವುದಿಲ್ಲ. ಮಗುವಿಗೆ ಈ ವಿಷಯವನ್ನು ಇಬ್ಬರೂ ಕೂತು ಹೇಗೆ ಹೇಳುವುದು, ರಜೆಯಲ್ಲಿ ಮಗು ಯಾರ ಮನೆಯಲ್ಲಿರುತ್ತದೆ, ಸ್ಕೂಲ್ ಫೀಸು ಯಾರು ಕಟ್ಟುವುದು, ಇವನ್ನು ಕೂಗಾಡದೆ ಮಾತಾಡಿ ಮುಗಿಸುವವರೆಗೆ ಅವರೊಂದಿಗೆ ಕೂರುತ್ತೇನೆ.