ಹಳೆಯ ಮ್ಯಾಕ್‌ಬುಕ್ ಏರ್‌ಗೆ ಲಿನಕ್ಸ್ ಹಾಕುವುದು ಹೇಗೆ?

2013ರಿಂದ 2017ರವರೆಗಿನ ಮ್ಯಾಕ್‌ಬುಕ್ ಏರ್‌ಗಳ ಕೀಬೋರ್ಡ್, ಪರದೆ, ಪ್ರೊಸೆಸರ್ ಇಂದಿಗೂ ಗಟ್ಟಿಮುಟ್ಟು. ಆದರೆ 2013 ಮತ್ತು 2014ರ ಮಾದರಿಗಳಿಗೆ ಆಪಲ್ ಕೊಟ್ಟ ಕೊನೆಯ ಮ್ಯಾಕ್‌ಒಎಸ್ ಬಿಗ್ ಸರ್. 2015 ಮತ್ತು 2017ರವಕ್ಕೆ ಮಾಂಟೆರೆ. ಭದ್ರತಾ ಅಪ್‌ಡೇಟ್ ನಿಂತ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಸರಿಯಲ್ಲ. ಇಂಥವಕ್ಕೆ ಮ್ಯಾಕ್‌ಒಎಸ್ ಬದಲು ಹಾಕಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್ 22 ಒಳ್ಳೆಯ ಆಯ್ಕೆ. ಇದಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೇ ಆರಿಸಿಕೊಳ್ಳಿ. ಏರ್‌ನ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಆಮೇಲೆ ಹೆಚ್ಚಿಸಲಾಗದು.

ಮೊದಲು ಆಪಲ್ ಮೆನುವಿನ ‘ಅಬೌಟ್ ದಿಸ್ ಮ್ಯಾಕ್’ ತೆರೆದು ವರ್ಷ ನೋಡಿ. 2018 ಅಥವಾ ಅದರ ನಂತರದ ಏರ್ ಆಗಿದ್ದರೆ ಈ ವಿಧಾನ ನಡೆಯುವುದಿಲ್ಲ. ಆಪಲ್‌ನ ಟಿ2 ಭದ್ರತಾ ಚಿಪ್ ಇರುವ ಯಂತ್ರಗಳಲ್ಲಿ ಕೀಬೋರ್ಡ್, ಟಚ್‌ಪ್ಯಾಡ್, ಧ್ವನಿ ಎಲ್ಲವೂ ಆ ಚಿಪ್ಪಿನ ಮೂಲಕವೇ ಹೋಗುವುದರಿಂದ ಪ್ರತ್ಯೇಕ ಕರ್ನಲ್ (ಯಂತ್ರಾಂಶವನ್ನು ನಡೆಸುವ ಲಿನಕ್ಸ್‌ನ ತಿರುಳು) ಬೇಕು. ಆಪಲ್‌ನದೇ ಎಂ1, ಎಂ2 ಪ್ರೊಸೆಸರ್ ಇರುವ ಯಂತ್ರಗಳಿಗೆ ಅಸಾಹಿ ಲಿನಕ್ಸ್ ಇದೆ, ಅದರ ದಾರಿಯೇ ಬೇರೆ.

ಅಳಿಸುವ ಮುನ್ನ

ಟೈಮ್ ಮಷೀನ್‌ನಿಂದ ಬ್ಯಾಕಪ್ ತೆಗೆದುಕೊಂಡು, ಐಕ್ಲೌಡ್‌ನಿಂದ ಸೈನ್ ಔಟ್ ಆಗಿ. ಇರುವ ಮ್ಯಾಕ್‌ಒಎಸ್‌ಗೆ ಬಾಕಿಯಿರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿಬಿಡಿ: ಯಂತ್ರದ ಫರ್ಮ್‌ವೇರ್‌ನ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶದ) ಸುಧಾರಣೆಗಳು ಮ್ಯಾಕ್‌ಒಎಸ್ ಮೂಲಕ ಮಾತ್ರ ಬರುತ್ತವೆ, ಲಿನಕ್ಸ್‌ನಿಂದ ಸಿಗವು. ಸೆಕೆಂಡ್‌ಹ್ಯಾಂಡ್ ಯಂತ್ರವಾದರೆ ಫರ್ಮ್‌ವೇರ್ ಪಾಸ್‌ವರ್ಡ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅದಿದ್ದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಬಿಡುವುದಿಲ್ಲ.

8 ಜಿಬಿ ಪೆನ್‌ಡ್ರೈವ್ ಸಾಕು. ಮಿಂಟ್ ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳಬೇಕಾದ ಐಎಸ್‌ಒ ಫೈಲ್ ಸುಮಾರು 3 ಜಿಬಿ. ಅದನ್ನು ಬಲೆನಾ ಎಚರ್ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಬರೆದು ಮುಗಿದೊಡನೆ ‘ಈ ಡಿಸ್ಕ್ ಓದಲಾಗುತ್ತಿಲ್ಲ’ ಎಂದು ಮ್ಯಾಕ್ ದೂರುತ್ತದೆ. ಗಾಬರಿ ಬೇಡ, ‘ಇಜೆಕ್ಟ್’ ಒತ್ತಿ. ‘ಇನಿಷಿಯಲೈಸ್’ ಒತ್ತಿದರೆ ಬರೆದದ್ದೆಲ್ಲ ಹೋಗುವ ದಾರಿ ತೆರೆದಂತೆ.

ಇನ್‌ಸ್ಟಾಲ್

ಮ್ಯಾಕ್ ಆಫ್ ಮಾಡಿ ಪೆನ್‌ಡ್ರೈವ್ ಸಿಕ್ಕಿಸಿ. ಆಪ್ಷನ್ ಕೀ ಒತ್ತಿ ಹಿಡಿದೇ ಪವರ್ ಬಟನ್ ಒತ್ತಿ, ‘ಇಎಫ್‌ಐ ಬೂಟ್’ ಎಂಬ ಚಿತ್ರ ಕಾಣುವವರೆಗೂ ಬೆರಳು ತೆಗೆಯಬೇಡಿ. ಮಿಂಟ್ ತೆರೆದ ಮೇಲೆ ಕೂಡಲೇ ಇನ್‌ಸ್ಟಾಲ್‌ಗೆ ಕೈ ಹಾಕದೆ ಧ್ವನಿ, ಟಚ್‌ಪ್ಯಾಡ್, ಪರದೆಯ ಬೆಳಕು ಪರೀಕ್ಷಿಸಿ. ತೃಪ್ತಿಯಾದರೆ ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಚಿತ್ರ ಒತ್ತಿ. 128 ಜಿಬಿ ಡಿಸ್ಕ್ ಇದ್ದವರು ಎರಡು ವ್ಯವಸ್ಥೆಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಎರಡಕ್ಕೂ ಜಾಗ ಸಾಲದು. ಪೂರ್ತಿ ಅಳಿಸಿ ಮಿಂಟ್ ಒಂದನ್ನೇ ಹಾಕುವುದು ಒಳ್ಳೆಯದು. ಕೀಬೋರ್ಡ್ ವಿನ್ಯಾಸದಲ್ಲಿ ರೂಪಾಯಿ ಚಿಹ್ನೆಯುಳ್ಳ ಭಾರತೀಯ ಇಂಗ್ಲಿಷ್ ಆರಿಸಿದರೆ ಬಲಗಡೆಯ ಆಪ್ಷನ್ ಜೊತೆ 4 ಒತ್ತಿದಾಗ ₹ ಮೂಡುತ್ತದೆ.

ವೈಫೈ ಏಕೆ ಕಾಣುವುದಿಲ್ಲ?

ಬಹುತೇಕರು ಕೈಚೆಲ್ಲುವುದು ಇಲ್ಲೇ. ಈ ಏರ್‌ಗಳಲ್ಲಿರುವುದು ಬ್ರಾಡ್‌ಕಾಮ್‌ನ ಬಿಸಿಎಂ4360 ವೈಫೈ ಚಿಪ್. ಇದರ ಡ್ರೈವರ್‌ನ ಮೂಲ ಸಂಕೇತ ಮುಕ್ತವಲ್ಲವಾದ್ದರಿಂದ ಅದು ಲಿನಕ್ಸ್ ಕರ್ನಲ್ ಒಳಗೆ ಸೇರಿಲ್ಲ, ಬೇರೆಯಾಗಿ ಹಾಕಬೇಕು. ಹಾಕಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಬೇಕು! ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಮ್ಯಾಕ್‌ಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ತಂತಿ ಸಂಪರ್ಕವೆಂದು ಮಿಂಟ್ ತಾನೇ ಗುರುತಿಸುತ್ತದೆ. ಚಾರ್ಜಿಂಗ್‌ಗೆ ಮಾತ್ರ ಇರುವ ಅಗ್ಗದ ಕೇಬಲ್‌ನಿಂದ ಇದು ಸಾಧ್ಯವಿಲ್ಲ. ನಂತರ ಮೆನುವಿನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆದು ಬ್ರಾಡ್‌ಕಾಮ್ ಡ್ರೈವರ್ ಆರಿಸಿ, ಹಾಕಿ, ರೀಸ್ಟಾರ್ಟ್ ಮಾಡಿ.

ಈ ಡ್ರೈವರ್ ಪ್ರತಿ ಹೊಸ ಕರ್ನಲ್‌ಗೂ ಹೊಸದಾಗಿ ಕಂಪೈಲ್ ಆಗಬೇಕು, ಅಂದರೆ ಆ ಕರ್ನಲ್‌ಗೆ ತಕ್ಕಂತೆ ಮತ್ತೆ ಸಿದ್ಧವಾಗಬೇಕು. ಒಮ್ಮೊಮ್ಮೆ ಅದು ವಿಫಲವಾಗಿ, ಅಪ್‌ಡೇಟ್ ಮಾಡಿದ ಮರುದಿನ ವೈಫೈ ಮಾಯವಾಗುತ್ತದೆ. ಆಗ ಬೂಟ್ ಆಗುವಾಗ ಎಸ್ಕೇಪ್ ಕೀ ಒತ್ತಿ, ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗಿಂದ ಹಿಂದಿನ ಕರ್ನಲ್ ಆರಿಸಿ. ಆದ್ದರಿಂದ ಹಳೆಯ ಕರ್ನಲ್ ಒಂದನ್ನಾದರೂ ಅಳಿಸದೆ ಉಳಿಸಿಕೊಂಡಿರಿ.

ನಿದ್ದೆ ಮತ್ತು ಬಿಸಿ

ಮುಚ್ಚಿಟ್ಟ ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಬಿಸಿಯಾಗಿ ಬ್ಯಾಟರಿ ಬರಿದಾಗಿದ್ದರೆ, ಯುಎಸ್‌ಬಿ ನಿಯಂತ್ರಕ ಅದನ್ನು ನಿದ್ದೆಯಿಂದ ಎಬ್ಬಿಸುತ್ತಿರುವ ಸಾಧ್ಯತೆ ಹೆಚ್ಚು. ಪ್ರಾಕ್ ಫೋಲ್ಡರಿನ ಎಸಿಪಿಐ ಒಳಗೆ ‘ವೇಕಪ್’ ಎಂಬ ಫೈಲಿದೆ (/proc/acpi/wakeup). ಅದರಲ್ಲಿ ಆ ನಿಯಂತ್ರಕದ ಹೆಸರಾದ ಎಕ್ಸ್‌ಎಚ್‌ಸಿ1 (XHC1) ಎದುರು ‘ಎನೇಬಲ್ಡ್’ ಎಂದಿದ್ದರೆ, ರೂಟ್ (ನಿರ್ವಾಹಕ) ಅಧಿಕಾರದಿಂದ ಆ ಹೆಸರನ್ನೇ ಫೈಲಿಗೆ ಬರೆದರೆ ‘ಡಿಸೇಬಲ್ಡ್’ ಆಗುತ್ತದೆ. ಎರಡನೇ ಸಲ ಬರೆದರೆ ಮತ್ತೆ ಮೊದಲಿನಂತಾಗುತ್ತದೆ, ಹುಷಾರು. ರೀಸ್ಟಾರ್ಟ್ ಆದಾಗ ಈ ಬದಲಾವಣೆ ಅಳಿಯುವುದರಿಂದ ಬೂಟ್ ಆದಾಗ ಒಮ್ಮೆ ಮಾತ್ರ ನಡೆಯುವ ಸಿಸ್ಟಮ್‌ಡಿ ಸರ್ವಿಸ್ (ಲಿನಕ್ಸ್ ತಾನೇ ನಡೆಸುವ ಹಿನ್ನೆಲೆ ಕೆಲಸ) ಮಾಡಿಡಿ.

ಫ್ಯಾನ್ ತಡವಾಗಿ ವೇಗ ಪಡೆಯುತ್ತಿದ್ದರೆ ಫ್ಯಾನಿನ ವೇಗ ನಿಯಂತ್ರಿಸುವ ಎಂಬಿಪಿಫ್ಯಾನ್ (mbpfan) ಪ್ಯಾಕೇಜ್ ಹಾಕಿ.

ಕನ್ನಡ ಟೈಪಿಂಗ್‌ಗೆ ಐಬಸ್-ಎಂ17ಎನ್ (ibus-m17n) ಎಂಬ ಟೈಪಿಂಗ್ ಪ್ಯಾಕೇಜ್ ಹಾಕಿ ಕನ್ನಡ ಕೆಜಿಪಿ ವಿನ್ಯಾಸ ಸೇರಿಸಿದರೆ, ನುಡಿ ಬಳಸಿದವರ ಬೆರಳುಗಳು ಹೊಸದೇನನ್ನೂ ಕಲಿಯಬೇಕಿಲ್ಲ. ಒಳಗಿನ ಕ್ಯಾಮೆರಾ ಮಾತ್ರ ತಾನಾಗಿ ಕೆಲಸ ಮಾಡದು. ಅದರ ಡ್ರೈವರ್ ಬೇರೆಯಾಗಿ ಕಂಪೈಲ್ ಮಾಡಬೇಕು, ಫರ್ಮ್‌ವೇರನ್ನು ಆಪಲ್‌ನ ಫೈಲಿನಿಂದ ಬೇರ್ಪಡಿಸಿಕೊಳ್ಳಬೇಕು. ನಿತ್ಯ ಆನ್‌ಲೈನ್ ತರಗತಿ ಇರುವವರು ಯುಎಸ್‌ಬಿ ವೆಬ್‌ಕ್ಯಾಮ್ ಕೊಳ್ಳುವುದೇ ಲೇಸು.

ಮ್ಯಾಕ್‌ಒಎಸ್‌ಗೆ ಮರಳಬೇಕೆನಿಸಿದರೆ ಆಪ್ಷನ್, ಕಮಾಂಡ್ ಮತ್ತು ಆರ್ ಮೂರನ್ನೂ ಒತ್ತಿ ಹಿಡಿದು ಆನ್ ಮಾಡಿ. ಡಿಸ್ಕ್ ಪೂರ್ತಿ ಅಳಿಸಿದ್ದರೂ ಫರ್ಮ್‌ವೇರ್‌ನಲ್ಲಿರುವ ಇಂಟರ್‌ನೆಟ್ ರಿಕವರಿ ತೆರೆದುಕೊಳ್ಳುತ್ತದೆ.