ಜನ ವಿರಳವಾಗಿರುವ ಊರುಗಳಲ್ಲಿ ವಯಸ್ಸು ಮತ್ತು ಲಿಂಗದ ಲೆಕ್ಕವನ್ನು ತೆಗೆಯುವ, ಓದುವ ಬಗೆ

2011ರ ಜನಗಣತಿಯಂತೆ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ಇವರಲ್ಲಿ ಪುರುಷರು 7,26,256, ಮಹಿಳೆಯರು 7,10,913. ಎಂದರೆ ಸಾವಿರ ಪುರುಷರಿಗೆ 979 ಮಹಿಳೆಯರು. ರಾಜ್ಯದ ಅನುಪಾತ 973 ಇದ್ದುದರಿಂದ ಜಿಲ್ಲೆಯ ಸ್ಥಿತಿ ತುಸು ಮೇಲೆಂದು ಹೇಳಿ ಮುಗಿಸುವುದು ರೂಢಿ. ಆದರೆ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನರಿದ್ದಾಗ ಈ ಜಿಲ್ಲೆಯಲ್ಲಿದ್ದವರು 140 ಮಾತ್ರ, ಅದೂ ಹೆಚ್ಚಿನ ಭಾಗ ಕಾಡೇ ಇರುವ ನೆಲದಲ್ಲಿ ಅಲ್ಲಲ್ಲಿ ಗುಂಪುಗಟ್ಟಿ ಬದುಕುವವರು. ಜೊಯಿಡಾದ ಕಾಡಿನೊಳಗಿನ ಒಂದು ಮಜರೆಗೂ ಭಟ್ಕಳದ ಪೇಟೆಗೂ ಕಾರವಾರದ ವಸತಿ ಬಡಾವಣೆಗೂ 979 ಎಂಬ ಒಂದೇ ಸಂಖ್ಯೆ ಹೊಂದುವುದಿಲ್ಲ. ಆದುದರಿಂದ ಗ್ರಾಮ ಪಂಚಾಯತಿಯ ಯೋಜನೆಗಾಗಲಿ, ಕಾಲೇಜಿನ ಕ್ಷೇತ್ರಾಧ್ಯಯನಕ್ಕಾಗಲಿ ತಮ್ಮ ಊರಿನ ವಯಸ್ಸು–ಲಿಂಗದ ಕೋಷ್ಟಕವನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಅದನ್ನು ಹೇಗೆ ಮಾಡಬಹುದೆಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ಸಿದ್ಧ ಮಾಹಿತಿ ಎಲ್ಲಿಯವರೆಗೆ ಸಿಗುತ್ತದೆಂದು ತಿಳಿದುಕೊಳ್ಳುವುದು ಒಳ್ಳೆಯದು. ಐದೈದು ವರ್ಷಗಳ ವಯೋಗುಂಪುಗಳ ಪ್ರಕಾರ ಪುರುಷರ ಮತ್ತು ಮಹಿಳೆಯರ ಸಂಖ್ಯೆಯನ್ನು ಕೊಡುವ ಜನಗಣತಿಯ ಸಿ-14 ಕೋಷ್ಟಕ ಜಿಲ್ಲೆಯ ಮಟ್ಟದಲ್ಲಿ ದೊರೆಯುತ್ತದೆ. ಹಳ್ಳಿಯ ಮಟ್ಟಕ್ಕಿಳಿದರೆ ಪ್ರಾಥಮಿಕ ಜನಗಣತಿ ಸಾರದಲ್ಲಿ ವಯಸ್ಸಿನ ಮಟ್ಟಿಗೆ ಒಟ್ಟು ಜನಸಂಖ್ಯೆ ಮತ್ತು 0–6 ವಯಸ್ಸಿನ ಮಕ್ಕಳ ಸಂಖ್ಯೆ ಮಾತ್ರ ಲಿಂಗವಾರು ಸಿಗುತ್ತದೆ. ಉಳಿದ ವಯಸ್ಸುಗಳ ವಿಂಗಡಣೆ ಅಲ್ಲಿಲ್ಲ. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಲ್ಪಟ್ಟು, 2027ರ ಮಾರ್ಚ್ 1ನ್ನು ಮುಂದಿನ ಗಣತಿಯ ಆಧಾರ ದಿನವೆಂದು ಗೊತ್ತುಪಡಿಸಲಾಗಿದೆ.

ಈ ಕೊರತೆಯನ್ನು ತುಂಬಲು ಊರಿನಲ್ಲಿಯೇ ಇರುವ ದಾಖಲೆಗಳು ನೆರವಾಗುತ್ತವೆ. ಅಂಗನವಾಡಿ ಕಾರ್ಯಕರ್ತೆಯ ವಹಿಯಲ್ಲಿ ಆರು ವರ್ಷದೊಳಗಿನ ಮಕ್ಕಳು, ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಮನೆಮನೆಯ ಸದಸ್ಯರು, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಓದುವ ಮಕ್ಕಳು, ಮತದಾರರ ಪಟ್ಟಿಯಲ್ಲಿ ಹದಿನೆಂಟು ತುಂಬಿದವರು ಸಿಗುತ್ತಾರೆ. ಇವುಗಳಲ್ಲಿ ಮತದಾರರ ಪಟ್ಟಿಯನ್ನು ಹೆಚ್ಚು ನಂಬಬಾರದು. ತೀರಿಕೊಂಡವರ, ಮದುವೆಯಾಗಿ ಹೋದ ಹೆಣ್ಣುಮಕ್ಕಳ, ಬೆಂಗಳೂರಿನಲ್ಲಿ ಮನೆ ಮಾಡಿದವರ ಹೆಸರುಗಳು ಅದರಲ್ಲಿ ವರ್ಷಗಟ್ಟಲೆ ಉಳಿದಿರುತ್ತವೆ. ಜನನ ನೋಂದಣಿಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಜನನವನ್ನು ನೋಂದಾಯಿಸುವುದು ಹೆರಿಗೆಯಾದ ಸ್ಥಳದಲ್ಲಿಯೇ ಹೊರತು ತಾಯಿಯ ವಾಸದ ಊರಿನಲ್ಲಲ್ಲ. ಘಟ್ಟದ ಮೇಲಿನ ಹಳ್ಳಿಯ ಗರ್ಭಿಣಿ ಶಿರಸಿಯ ಆಸ್ಪತ್ರೆಯಲ್ಲಿ ಹೆತ್ತರೆ ಮಗುವಿನ ಜನನ ಶಿರಸಿಯ ಲೆಕ್ಕಕ್ಕೆ ಸೇರುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿಂದ ಈ ಅಂತರ ಇನ್ನಷ್ಟು ಹಿಗ್ಗುತ್ತದೆ. ಹಳ್ಳಿಯ ಜನನ ವಹಿ ಬರಿದಾಗಿರುವುದನ್ನು ಕಂಡು ಊರಿನಲ್ಲಿ ಮಕ್ಕಳೇ ಹುಟ್ಟುತ್ತಿಲ್ಲವೆಂದು ಬರೆದುಬಿಡುವುದು ಸುಲಭ, ಆದರೆ ತಪ್ಪು. ಮಕ್ಕಳ ಮಟ್ಟಿಗೆ ಅಂಗನವಾಡಿಯ ವಹಿಯೇ ಮೇಲು.

ಮನೆಮನೆಗೆ ಹೋಗಿ ಎಣಿಸುವುದಾದರೆ ಯಾರನ್ನು ಊರಿನವರೆಂದು ಲೆಕ್ಕಕ್ಕೆ ಹಿಡಿಯಬೇಕೆಂಬ ನಿಯಮವನ್ನು ಮೊದಲ ಮನೆಯ ಬಾಗಿಲು ತಟ್ಟುವ ಮುನ್ನವೇ ಬರೆದಿಟ್ಟುಕೊಳ್ಳಬೇಕು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿರುವ ಮಗಳು, ಗಲ್ಫಿನಲ್ಲಿ ದುಡಿಯುವ ಮಗ, ಅಡಿಕೆಯ ಕೊನೆಕೊಯ್ಲಿನ ಕಾಲಕ್ಕೆ ಬಂದು ತೋಟದ ಬಿಡಾರದಲ್ಲಿ ಉಳಿದ ಕೆಲಸದವರು, ಇವರನ್ನು ಒಂದು ಮನೆಯಲ್ಲಿ ಸೇರಿಸಿ ಮತ್ತೊಂದರಲ್ಲಿ ಬಿಟ್ಟರೆ ಕೋಷ್ಟಕಕ್ಕೆ ಬೆಲೆಯಿಲ್ಲ. ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಊರಿನಲ್ಲಿ ಇರುವವರನ್ನು ನಿವಾಸಿಗಳೆಂದು ಬರೆದು, ಹೊರಗಿರುವವರನ್ನು ಪ್ರತ್ಯೇಕ ಹಾಳೆಯಲ್ಲಿ ವಯಸ್ಸು, ಲಿಂಗ, ಹೋದ ಕಾರಣಗಳೊಂದಿಗೆ ಗುರುತಿಸಿಕೊಳ್ಳುವುದು ನನಗೆ ಸರಿಯೆನಿಸುವ ಕ್ರಮ. ಮುಂದೆ ಬಹಳಷ್ಟು ಪ್ರಶ್ನೆಗಳಿಗೆ ಉತ್ತರ ಸಿಗುವುದು ಈ ಎರಡನೆಯ ಹಾಳೆಯಲ್ಲಿಯೇ.

ಎಣಿಕೆಯ ತಿಂಗಳೂ ಮುಖ್ಯ. ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಆ ಅವಧಿಯಲ್ಲಿ ಊರಿನ ಮೀನುಗಾರರು ಮನೆಯಲ್ಲಿರುತ್ತಾರೆ, ಬೋಟುಗಳಲ್ಲಿ ದುಡಿಯುವ ಹೊರರಾಜ್ಯದ ಕಾರ್ಮಿಕರು ತಮ್ಮ ಊರುಗಳಿಗೆ ಮರಳಿರುತ್ತಾರೆ. ಅದೇ ಬಂದರು ಕೇರಿಯನ್ನು ಜನವರಿಯಲ್ಲಿ ಎಣಿಸಿದರೆ ದುಡಿಯುವ ವಯಸ್ಸಿನ ಗಂಡಸರ ಸಂಖ್ಯೆ ಬೇರೆಯೇ ಬರುತ್ತದೆ.

ವಯಸ್ಸನ್ನು ಕೇಳುವಾಗ ತುಂಬಿದ ವರ್ಷಗಳನ್ನೇ ಬರೆಯಬೇಕು. ಎಪ್ಪತ್ತು ನಡೆಯುತ್ತಿದೆ ಎಂದವರಿಗೆ ತುಂಬಿರುವುದು 69. ಹಿರಿಯರು ವಯಸ್ಸನ್ನು ಸೊನ್ನೆಗೋ ಐದಕ್ಕೋ ಹೊಂದಿಸಿ ಹೇಳುವುದು ಸಾಮಾನ್ಯವಾದುದರಿಂದ, ಊರಿನವರಿಗೆ ನೆನಪಿರುವ ಘಟನೆಗಳ ಪಟ್ಟಿಯೊಂದನ್ನು ಜೊತೆಗಿಟ್ಟುಕೊಳ್ಳುವುದು ಹಳೆಯ ಮತ್ತು ನಂಬಬಹುದಾದ ಉಪಾಯ. 1956ರ ನವೆಂಬರಿನಲ್ಲಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು, 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದದ್ದು, 1975ರ ತುರ್ತು ಪರಿಸ್ಥಿತಿ, 1983ರಲ್ಲಿ ಶಿರಸಿ ಸೀಮೆಯಲ್ಲಿ ಮೊದಲಾದ ಅಪ್ಪಿಕೋ ಚಳವಳಿ, 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ್ದು ಇಂತಹ ಗುರುತುಗಳು. ಶಿರಸಿಯ ಆಸುಪಾಸಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯೂ ಉಪಯೋಗಕ್ಕೆ ಬರುತ್ತದೆ: “ಆ ಜಾತ್ರೆಗೆ ಇವಳು ಕೈಗೂಸು” ಎಂಬ ಮಾತಿನಿಂದ ವಯಸ್ಸು ಒಂದೆರಡು ವರ್ಷಗಳ ಒಳಗೆ ಬಂದು ನಿಲ್ಲುತ್ತದೆ. ಕಾಗದದಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ದಿನವಾಗಿರುವ ಸಂಭವವೇ ಹೆಚ್ಚು.

ಹೇಳಿದ ವಯಸ್ಸುಗಳು ಎಷ್ಟು ನಂಬಿಕೆಗೆ ಅರ್ಹವೆಂದು ಅಳೆಯಲು ವಿಪಲ್ ಸೂಚ್ಯಂಕವಿದೆ. 23ರಿಂದ 62ರವರೆಗಿನ ಎಲ್ಲರನ್ನೂ ಎಣಿಸಿ, ಅವರಲ್ಲಿ ಸೊನ್ನೆ ಅಥವಾ ಐದರಲ್ಲಿ ಮುಗಿಯುವ ವಯಸ್ಸಿನವರ ಸಂಖ್ಯೆಯನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ 500ರಿಂದ ಗುಣಿಸಬೇಕು. ವಯಸ್ಸನ್ನು ಎಲ್ಲರೂ ಸರಿಯಾಗಿ ಹೇಳಿದ್ದರೆ ಉತ್ತರ 100ರ ಸುತ್ತ ಬರುತ್ತದೆ. ಅಂತಹ 400 ಜನರಲ್ಲಿ 140 ಮಂದಿ ಸೊನ್ನೆಯಲ್ಲೋ ಐದರಲ್ಲೋ ಮುಗಿಯುವ ವಯಸ್ಸಿನವರಾಗಿದ್ದರೆ ಸೂಚ್ಯಂಕ 175 ಆಗುತ್ತದೆ. ಆಗ ಒಂದೊಂದು ವಯಸ್ಸಿನ ಲೆಕ್ಕವನ್ನು ಕೈಬಿಟ್ಟು ಹತ್ತು ವರ್ಷದ ಗುಂಪುಗಳಿಂದಲೇ ತೃಪ್ತಿಪಡಬೇಕು.

ಇನ್ನು ಸಣ್ಣ ಸಂಖ್ಯೆಗಳ ತೊಡಕು. ಒಂದು ಮಜರೆಯಲ್ಲಿ ಆರು ವರ್ಷದೊಳಗಿನ ಮಕ್ಕಳು ಇಪ್ಪತ್ತು, ಅವರಲ್ಲಿ 12 ಗಂಡು, 8 ಹೆಣ್ಣು ಎಂದಿಟ್ಟುಕೊಳ್ಳೋಣ. ಲಿಂಗಾನುಪಾತ 667, ಕೇಳಿದೊಡನೆ ಭ್ರೂಣಹತ್ಯೆಯ ಸಂಶಯ ಬರುವಂತಹ ಸಂಖ್ಯೆ. ಇನ್ನೊಂದು ಹೆಣ್ಣು ಮಗು ಹುಟ್ಟಿದರೆ ಅದೇ 750ಕ್ಕೆ ಜಿಗಿಯುತ್ತದೆ. ಯಾರೂ ಏನೂ ಮಾಡದಿದ್ದಾಗಲೂ ಸುಮಾರು 105 ಗಂಡು ಮಕ್ಕಳಿಗೆ 100 ಹೆಣ್ಣು ಮಕ್ಕಳು, ಎಂದರೆ ಸಾವಿರಕ್ಕೆ ಸುಮಾರು 952, ಹುಟ್ಟುವುದು ಪ್ರಕೃತಿಯ ಕ್ರಮ. ಈ ಕ್ರಮದಲ್ಲಿ ಹುಟ್ಟಿದ ಇಪ್ಪತ್ತು ಮಕ್ಕಳ ಗುಂಪುಗಳನ್ನು ನೋಡುತ್ತ ಹೋದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಗುಂಪುಗಳಲ್ಲಿ ಹನ್ನೆರಡೋ ಅದಕ್ಕಿಂತ ಹೆಚ್ಚೋ ಗಂಡು ಮಕ್ಕಳು ಕೇವಲ ಆಕಸ್ಮಿಕವಾಗಿ ಇರುತ್ತಾರೆ. 952 ಇರಬೇಕಾದಲ್ಲಿ 900 ಇದೆಯೆಂದು ಸ್ವಲ್ಪ ಧೈರ್ಯದಿಂದ ಹೇಳಬೇಕಾದರೂ ಐದು ಸಾವಿರದಷ್ಟು ಮಕ್ಕಳ ಲೆಕ್ಕ ಬೇಕು. ಹೀಗಾಗಿ ಮಜರೆಯ ಅಥವಾ ಒಂದೇ ಗ್ರಾಮದ ಮಕ್ಕಳ ಲಿಂಗಾನುಪಾತವನ್ನು ಸಭೆಯಲ್ಲಿ ಓದದಿರುವುದೇ ಲೇಸು. ಹಲವು ಪಂಚಾಯತಿಗಳನ್ನೂ ಹಲವು ವರ್ಷಗಳನ್ನೂ ಕೂಡಿಸಿ ನೋಡಿದ ಮೇಲೂ ಅನುಪಾತ ತಗ್ಗಿಯೇ ಇದ್ದರೆ ಆಗ ಕಾರಣ ಹುಡುಕುವುದು ನ್ಯಾಯ.

ದೊಡ್ಡವರ ಅಂಕಿಗಳಲ್ಲಿ ಆಕಸ್ಮಿಕಕ್ಕಿಂತ ಹೆಚ್ಚಾಗಿ ಸಂಸ್ಥೆಗಳು ಲೆಕ್ಕವನ್ನು ತಿರುಚುತ್ತವೆ. ಆರುನೂರು ಜನರ ಊರಿನಲ್ಲಿ 310 ಪುರುಷರು, 290 ಮಹಿಳೆಯರಿದ್ದು ಅನುಪಾತ 935 ಎಂದು ಬಂದಿದ್ದರೆ, ಅದರೊಳಗೆ ಅರವತ್ತು ಹುಡುಗರ ವಸತಿ ನಿಲಯವೊಂದು ಸೇರಿದೆಯೇ ಎಂದು ನೋಡಬೇಕು. ಆ ಅರವತ್ತು ಮಂದಿಯನ್ನು ತೆಗೆದರೆ ಅನುಪಾತ 1160 ಆಗುತ್ತದೆ, ಗಂಡಸರು ಹೆಚ್ಚಿರುವ ಊರು ಹೆಂಗಸರು ಹೆಚ್ಚಿರುವ ಊರಾಗಿ ಕಾಣುತ್ತದೆ. ಮುಂಡಗೋಡದ ಟಿಬೆಟಿಯನ್ ಕಾಲೊನಿಯ ಗಾಂದೆನ್ ಮತ್ತು ದ್ರೆಪುಂಗ್ ಮಠಗಳಲ್ಲಿ ಸಾವಿರಾರು ಭಿಕ್ಷುಗಳಿರುವುದರಿಂದ ಅಲ್ಲಿನ ಅಂಕಿಗಳನ್ನು ಸುತ್ತಲಿನ ಬೇಸಾಯದ ಹಳ್ಳಿಗಳೊಡನೆ ಬೆರೆಸಿ ಓದುವಂತಿಲ್ಲ. ಕಾರವಾರದ ನೌಕಾನೆಲೆ ಮತ್ತು ಕೈಗಾದ ಅಣುಸ್ಥಾವರದ ವಸತಿ ಪ್ರದೇಶಗಳಿಗೂ ಇದೇ ಮಾತು ಸಲ್ಲುತ್ತದೆ. ಕುಟುಂಬಗಳದ್ದೊಂದು, ಸಂಸ್ಥೆಗಳದ್ದೊಂದು ಎಂದು ಎರಡು ಕೋಷ್ಟಕ ಮಾಡಿದರೆ ಗೊಂದಲವಿಲ್ಲ.

ಅನಂತರ ಎಡಕ್ಕೆ ಪುರುಷರು, ಬಲಕ್ಕೆ ಮಹಿಳೆಯರು, ಕೆಳಗಿನಿಂದ ಮೇಲಕ್ಕೆ ವಯೋಗುಂಪುಗಳ ಅಡ್ಡಪಟ್ಟಿಗಳು ಬರುವಂತೆ ಪಿರಮಿಡ್ ಚಿತ್ರವನ್ನು ಬರೆಯಬೇಕು. ಯಾರೂ ಊರು ಬಿಡದಿದ್ದರೆ ಕೆಳಗೆ ಗಂಡು ಮಕ್ಕಳು ತುಸು ಹೆಚ್ಚಿದ್ದು, ನಡುವಯಸ್ಸಿಗೆ ಸಮವಾಗಿ, ಮುಪ್ಪಿನಲ್ಲಿ ಹೆಂಗಸರು ಹೆಚ್ಚಬೇಕು. ಈ ಕ್ರಮ ಎಲ್ಲಿ ಮುರಿದಿದೆಯೋ ಅಲ್ಲಿ ವಲಸೆಯ ಗುರುತಿದೆ. ಭಟ್ಕಳದ ಕಡೆ ದುಡಿಯುವ ವಯಸ್ಸಿನ ಗಂಡಸರ ಪಟ್ಟಿ ಕುಗ್ಗಿದ್ದರೆ ಗಲ್ಫಿನ ಉದ್ಯೋಗವನ್ನು ನೆನೆಯಬೇಕು. ಶಿರಸಿ–ಸಿದ್ದಾಪುರದ ಅಡಿಕೆ ತೋಟಗಳ ಊರುಗಳಲ್ಲಿ 20ರಿಂದ 34ರ ಭಾಗ ಎರಡೂ ಬದಿಗೆ ಸೊರಗಿ, ಅರವತ್ತರ ಮೇಲಿನದು ಅಗಲವಾಗಿ ಕಾಣುವುದು ಈಗ ಹೊಸತಲ್ಲ. ಅಲ್ಲಿ ಇನ್ನೊಂದು ಅಂಕಣವನ್ನು ಸೇರಿಸುವುದು ಅಗತ್ಯ: ವೈವಾಹಿಕ ಸ್ಥಿತಿ. ಓದಿದ ಹೆಣ್ಣುಮಕ್ಕಳು ನಗರ ಸೇರಿ, ತೋಟ ನೋಡಿಕೊಳ್ಳಲು ಉಳಿದ ಮೂವತ್ತು ದಾಟಿದ ಗಂಡುಮಕ್ಕಳು ಮದುವೆಯಾಗದೆ ಇರುವುದು ಆ ಅಂಕಣವಿಲ್ಲದೆ ಲೆಕ್ಕದಲ್ಲಿ ಕಾಣಿಸದು. ಹಾಗೆಯೇ ಎಪ್ಪತ್ತೈದರ ಮೇಲೆ ಒಬ್ಬಂಟಿಯಾಗಿರುವ ವಿಧವೆಯರ ಸಂಖ್ಯೆಯನ್ನು ಬೇರೆಯಾಗಿ ಬರೆಯಬೇಕು. ಬಸ್ಸು ಬಾರದ ಮಜರೆಯಲ್ಲಿ ಪಿಂಚಣಿ, ಔಷಧ ತಲುಪಿಸುವವರಿಗೆ ಬೇಕಾದುದು ಆ ಸಂಖ್ಯೆಯೇ.

ಹಿಂದಿನ ಗಣತಿಯೊಡನೆ ಹೋಲಿಸುವಾಗ ಗಡಿ ಬದಲಾಗಿದೆಯೇ ಎಂದು ನೋಡಬೇಕು. 2011ರಲ್ಲಿ ದಾಂಡೇಲಿ ಹಳಿಯಾಳ ತಾಲೂಕಿನಲ್ಲಿತ್ತು, ಈಗ ಪ್ರತ್ಯೇಕ ತಾಲೂಕು.

ಕೋಷ್ಟಕವನ್ನು ಪ್ರಕಟಿಸುವ ಮುನ್ನ ಒಂದು ಎಚ್ಚರಿಕೆಯಿದೆ. ನಲವತ್ತು ಮನೆಗಳ ಊರಿನಲ್ಲಿ “85–89, ಮಹಿಳೆ, 1” ಎಂಬ ಸಾಲು ಯಾರ ಅಜ್ಜಿಯೆಂದು ಎಲ್ಲರಿಗೂ ತಿಳಿಯುತ್ತದೆ. “35–39, ಅವಿವಾಹಿತ ಪುರುಷ, 2” ಎಂಬುದು ಅದಕ್ಕಿಂತಲೂ ಮುಜುಗರದ್ದು. ಐದಕ್ಕಿಂತ ಕಡಿಮೆ ಸಂಖ್ಯೆಯಿರುವ ಕೋಶಗಳನ್ನು ಪಕ್ಕದ ಗುಂಪಿನೊಡನೆ ಸೇರಿಸಿ, ಎಂಬತ್ತರ ಮೇಲಿನವರನ್ನೆಲ್ಲ ಒಂದೇ ಸಾಲಿನಲ್ಲಿ ತೋರಿಸಿ, ಮಜರೆವಾರು ಹಾಳೆಗಳನ್ನು ಪಂಚಾಯತಿಯ ಕಡತದಲ್ಲಿ ಮುಚ್ಚಿಟ್ಟು, ಸೂಚನಾ ಫಲಕಕ್ಕೆ ಗ್ರಾಮದ ಒಟ್ಟು ಕೋಷ್ಟಕವನ್ನು ಮಾತ್ರ ಎಣಿಕೆಯ ದಿನಾಂಕ ಮತ್ತು ನಿವಾಸಿಗಳನ್ನು ಗುರುತಿಸಿದ ನಿಯಮದೊಂದಿಗೆ ಹಚ್ಚಬೇಕು.