ಉಬುಂಟುನಲ್ಲಿ ಜಾಗ ಸಾಲುತ್ತಿಲ್ಲವೇ? ಹೀಗೆ ಸ್ವಚ್ಛ ಮಾಡಿ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹಳೆ ಲ್ಯಾಪ್‌ಟಾಪ್ ಕೊಂಡು, ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದೀರಾ? ಅದರಲ್ಲಿ 128 ಜಿಬಿ ಎಸ್‌ಎಸ್‌ಡಿ ಇದ್ದರೆ ಬೇಗ ತುಂಬಿಬಿಡುತ್ತದೆ. ಹೊಸ ಡಿಸ್ಕ್‌ಗೆ ದುಡ್ಡು ಹಾಕುವ ಮೊದಲು ಬೇಡದ ಸಾಫ್ಟ್‌ವೇರ್ ತೆಗೆದು ನೋಡಿ. ಇಲ್ಲಿರುವ ಕಮಾಂಡ್‌ಗಳನ್ನೆಲ್ಲ ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು ‘ಡಿಎಫ್ -ಎಚ್’ (df -h) ಕೊಡಿ. ಎಷ್ಟು ಜಾಗ ಉಳಿದಿದೆ ಎಂದು ಗೊತ್ತಾಗುತ್ತದೆ. ಆಮೇಲೆ ‘ಆಪ್ಟ್-ಮಾರ್ಕ್ ಶೋಮ್ಯಾನುಯಲ್’ (apt-mark showmanual). ಇದು ಬೇಕೆಂದೇ ಹಾಕಿದ ಪ್ಯಾಕೇಜ್‌ಗಳ, ಅಂದರೆ ಸಾಫ್ಟ್‌ವೇರ್ ಕಟ್ಟುಗಳ ಪಟ್ಟಿ. ಸಿಸ್ಟಮ್ ಜೊತೆಗೇ ಬಂದ ಹೆಸರುಗಳೂ ಅದರಲ್ಲಿ ಇರುತ್ತವೆ. ಗುರುತು ಸಿಗದ ಹೆಸರನ್ನು ಮುಟ್ಟಬೇಡಿ.

ಬೇಡದ್ದು ಸಿಕ್ಕಿತೇ? ಫೋಲ್ಡರ್‌ಗೆ ಹೋಗಿ ಕೈಯಾರೆ ಡಿಲೀಟ್ ಮಾಡಬಾರದು. ಪ್ಯಾಕೇಜ್ ಇನ್ನೂ ಇದೆ ಎಂದೇ ಆಪ್ಟ್ (ಸಾಫ್ಟ್‌ವೇರ್ ಹಾಕುವ, ತೆಗೆಯುವ ಉಬುಂಟು ಸಾಧನ) ಲೆಕ್ಕದಲ್ಲಿ ಉಳಿಯುತ್ತದೆ, ಮುಂದಿನ ಅಪ್‌ಡೇಟ್‌ಗೆ ಅಡ್ಡಿಯಾಗಬಹುದು. ‘ಸುಡೋ ಆಪ್ಟ್ ರಿಮೂವ್’ (sudo apt remove) ಎಂದು ಬರೆದು ಪ್ಯಾಕೇಜ್ ಹೆಸರು ಸೇರಿಸಿ. ಸುಡೋ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದರ್ಥ. ಸಿಸ್ಟಮ್‌ನಲ್ಲಿರುವ ಅದರ ಸೆಟ್ಟಿಂಗ್ ಫೈಲ್‌ಗಳೂ ಹೋಗಬೇಕಾದರೆ ‘ರಿಮೂವ್’ ಬದಲು ‘ಪರ್ಜ್’ (purge). ಆದರೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಉಳಿದಿರುವ ಸೆಟ್ಟಿಂಗ್‌ಗಳನ್ನು ಪರ್ಜ್ ಕೂಡ ಮುಟ್ಟುವುದಿಲ್ಲ.

ಕಮಾಂಡ್ ಕೊಟ್ಟ ತಕ್ಷಣ ಏನೇನು ಹೋಗುತ್ತದೆ ಎಂಬ ಪಟ್ಟಿ ಬರುತ್ತದೆ. ಸುಮ್ನೆ ವೈ ಒತ್ತಬೇಡಿ, ಪಟ್ಟಿ ಪೂರ್ತಿ ಓದಿ. ಈ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಡವೆಂದು ತೆಗೆಯಲು ಹೊರಟರೆ, ಅದನ್ನು ನಂಬಿಕೊಂಡಿರುವ ಡೆಸ್ಕ್‌ಟಾಪ್ ಕೂಡ ಜೊತೆಗೇ ಹೋಗಿಬಿಡುತ್ತದೆ! ಅನುಮಾನವಿದ್ದರೆ ಕಮಾಂಡ್‌ಗೆ ‘-ಎಸ್’ ಸೇರಿಸಿ. ಏನಾಗಬಹುದು ಎಂದು ತೋರಿಸುತ್ತದೆ ಅಷ್ಟೆ, ಏನನ್ನೂ ಅಳಿಸುವುದಿಲ್ಲ.

ಇನ್ನು ‘ಸುಡೋ ಆಪ್ಟ್ ಆಟೋರಿಮೂವ್’. ಬೇರೆ ಪ್ಯಾಕೇಜ್‌ಗಾಗಿ ತಾವಾಗಿ ಬಂದು, ಈಗ ಯಾವುದಕ್ಕೂ ಬೇಡವಾದ ಲೈಬ್ರರಿಗಳು (ಸಹಾಯಕ ಫೈಲ್‌ಗಳು) ಹೋಗುತ್ತವೆ. ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಹಳೆ ಆವೃತ್ತಿಗಳೂ ಹೋಗುತ್ತವೆ, ಈಗ ಓಡುತ್ತಿರುವುದು ಉಳಿಯುತ್ತದೆ. ‘ಸುಡೋ ಆಪ್ಟ್ ಕ್ಲೀನ್’ ಕೊಟ್ಟರೆ ಡೌನ್‌ಲೋಡ್ ಆಗಿ ಬಿದ್ದಿರುವ ಪ್ಯಾಕೇಜ್ ಫೈಲ್‌ಗಳು ಖಾಲಿ. ಇದರಿಂದ ಏನೂ ಕೆಡುವುದಿಲ್ಲ.

ಉಬುಂಟುನ ಇನ್ನೊಂದು ಬಗೆಯ ಪ್ಯಾಕೇಜ್‌ಗಳಾದ ಸ್ನ್ಯಾಪ್‌ಗಳ ಲೆಕ್ಕ ಬೇರೆ, ಆಪ್ಟ್ ಅವನ್ನು ನೋಡುವುದೇ ಇಲ್ಲ. ಅಪ್‌ಡೇಟ್ ಆದ ಮೇಲೂ ಹಳೆ ಆವೃತ್ತಿಯೊಂದು ಉಳಿದಿರುತ್ತದೆ. ‘ಸ್ನ್ಯಾಪ್ ಲಿಸ್ಟ್ --ಆಲ್’ ಕೊಟ್ಟು ‘ಡಿಸೇಬಲ್ಡ್’ ಎಂದಿರುವ ಸಾಲಿನ ರಿವಿಷನ್ ಸಂಖ್ಯೆ ನೋಡಿಕೊಳ್ಳಿ. ‘ಸುಡೋ ಸ್ನ್ಯಾಪ್ ರಿಮೂವ್’, ಹೆಸರು, ಕೊನೆಗೆ ‘--ರಿವಿಷನ್=’ ಮತ್ತು ಆ ಸಂಖ್ಯೆ. ದೊಡ್ಡ ಆ್ಯಪ್‌ಗಳಲ್ಲಿ ಇದರಿಂದಲೇ ಜಾಸ್ತಿ ಜಾಗ ಸಿಗುತ್ತದೆ.

ಬೇಕಾದದ್ದು ಹೋಗಿಬಿಟ್ಟಿದ್ದರೆ ಗಾಬರಿ ಬೇಡ. ‘/ವಾರ್/ಲಾಗ್/ಆಪ್ಟ್’ (/var/log/apt) ಫೋಲ್ಡರ್‌ನ ‘ಹಿಸ್ಟರಿ.ಲಾಗ್’ ತೆರೆಯಿರಿ. ಯಾವಾಗ ಏನನ್ನು ತೆಗೆದಿರಿ ಎಂಬುದು ಹೆಸರು ಸಹಿತ ಅಲ್ಲಿರುತ್ತದೆ. ಆ ಹೆಸರುಗಳನ್ನೇ ‘ಸುಡೋ ಆಪ್ಟ್ ಇನ್‌ಸ್ಟಾಲ್’ ಮುಂದೆ ಬರೆದು ಮತ್ತೆ ಹಾಕಿಕೊಳ್ಳಿ.